ಕಂಪ್ಯೂಟರ್ ಹೇಳಿಕೊಡಬೇಕೋ, ಮಕ್ಕಳೇ ಕಂಡುಕೊಳ್ಳಬೇಕೋ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ನಮ್ಮ ಲ್ಯಾಬಿನಲ್ಲಿ ಹನ್ನೆರಡು ಕಂಪ್ಯೂಟರ್ ಇವೆ. ಹಳೆ ವಿದ್ಯಾರ್ಥಿಗಳ ಸಂಘದವರು ಕಲಿಕಾ ತಂತ್ರಾಂಶ ಕೊಡಿಸುತ್ತೇವೆ ಎಂದು ಮುಂದೆ ಬಂದಿದ್ದಾರೆ. ಎರಡನ್ನು ತರಿಸಿ ನೋಡಿದೆವು. ಒಂದರಲ್ಲಿ ಮಕ್ಕಳು ಲೋಲಕ, ಸರ್ಕ್ಯೂಟ್ ಮುಂತಾದವನ್ನು ತಮಗೆ ಬೇಕಾದ ಹಾಗೆ ಆಡಿಸಿ ನಿಯಮವನ್ನು ತಾವೇ ಕಂಡುಕೊಳ್ಳಬೇಕು. ಖುಷಿಯಿಂದ ಮಾಡಿದರು. ಮರುದಿನ ಕೇಳಿದರೆ ಬಹಳಷ್ಟು ಮಕ್ಕಳು ತಪ್ಪು ನಿಯಮ ಹೇಳಿದರು. ಇನ್ನೊಂದು ಹೆಜ್ಜೆ ಹೆಜ್ಜೆಗೂ ಹೇಳಿಕೊಡುತ್ತದೆ, ತಪ್ಪಿದ ಕೂಡಲೇ ತಿದ್ದುತ್ತದೆ. ಅಂಕ ಚೆನ್ನಾಗಿ ಬಂತು, ಆದರೆ ‘ಯಾಕೆ ಹಾಗೆ?’ ಎಂದರೆ ಯಾರೂ ಬಾಯಿ ಬಿಡಲಿಲ್ಲ. ಯಾವುದನ್ನು ತಗೊಳ್ಳೋದು? ಈಗ ಎಐ ಚಾಟ್ ಬಂದಿರುವಾಗ ಇವೆರಡೂ ಬೇಕೇ? ಮಕ್ಕಳು ಬರೆದ ವೀಕ್ಷಣಾ ಪಟ್ಟಿಗಳನ್ನು ಜೊತೆಗೆ ಕಳಿಸಿದ್ದೇನೆ.

ಉತ್ತರ: ಮೇಷ್ಟ್ರೇ, ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ತಂತ್ರಾಂಶ ನಿಯಮವನ್ನು ಬಾಯಿಬಿಟ್ಟು ಹೇಳುತ್ತದೋ, ಬಚ್ಚಿಡುತ್ತದೋ ಎನ್ನುವುದನ್ನು ನೋಡಿ ಆರಿಸಬೇಡಿ. ಮಗು ಪ್ರಯೋಗ ಮಾಡುವ ರೀತಿಯನ್ನು ಅದು ಗಮನಿಸುತ್ತದೆಯೇ, ಗಮನಿಸಿದ ಮೇಲೆ ಏನು ಮಾಡುತ್ತದೆ, ಇಷ್ಟು ನೋಡಿ. ನೀವು ತರಿಸಿದ ಮೊದಲನೆಯದು ಏನನ್ನೂ ಗಮನಿಸುತ್ತಿಲ್ಲ. ಎರಡನೆಯದು ತಾನು ಎಳೆದ ಗೆರೆಯನ್ನು ಮಗು ದಾಟಿತೇ ಎಂದಷ್ಟೇ ಕಾಯುತ್ತಿದೆ.

ನೀವು ಕಳಿಸಿದ ಪಟ್ಟಿಗಳಲ್ಲಿ ಒಂದನ್ನು ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ಎಂಟನೇ ಕ್ಲಾಸಿನ ಹುಡುಗಿಯದು, ಅಕ್ಷರ ಮುದ್ದಾಗಿದೆ. ಮೊದಲ ಸಲ ದಾರದ ಉದ್ದ 70 ಸೆಂ.ಮೀ., ಗುಂಡಿನ ತೂಕ 1 ಕೆ.ಜಿ., ಒಂದು ಆಂದೋಲನಕ್ಕೆ 1.68 ಸೆಕೆಂಡು. ಎರಡನೇ ಸಲ ದಾರ 50 ಸೆಂ.ಮೀ., ಗುಂಡು ಅರ್ಧ ಕೆ.ಜಿ., 1.42 ಸೆಕೆಂಡು. ಮೂರನೇ ಸಲ 30 ಸೆಂ.ಮೀ., 200 ಗ್ರಾಂ, 1.10 ಸೆಕೆಂಡು. ಕೆಳಗೆ ಅಡಿಗೆರೆ ಎಳೆದು ಬರೆದಿದ್ದಾಳೆ: ‘ಗುಂಡು ಹಗುರಾದಷ್ಟೂ ಲೋಲಕ ಬೇಗ ಬೇಗ ಆಡುತ್ತದೆ.’

ಅಂಕಿಗಳಲ್ಲಿ ಒಂದೂ ತಪ್ಪಿಲ್ಲ. ಸೂತ್ರ ಹಾಕಿ ಲೆಕ್ಕ ಮಾಡಿ ನೋಡಿದೆ, ಎಲ್ಲವೂ ಸರಿಯಿವೆ. ಒಂದೇ ಸಲ ನೋಡಿ ತೀರ್ಮಾನಕ್ಕೆ ಹಾರದೆ ಮೂರು ಸಲ ಮಾಡಿದ್ದಾಳೆ, ಮೂರೂ ಒಂದೇ ದಿಕ್ಕಿಗೆ ವಾಲಿವೆ. ಆದರೂ ತೀರ್ಮಾನ ತಪ್ಪು, ಯಾಕೆಂದರೆ ಪ್ರತಿ ಸಲವೂ ದಾರವನ್ನೂ ಗುಂಡನ್ನೂ ಒಟ್ಟಿಗೆ ಬದಲಾಯಿಸಿದ್ದಾಳೆ. ಅವಧಿ ಕಡಿಮೆಯಾಗಿದ್ದು ದಾರದಿಂದ. ಹೆಸರು ಗುಂಡಿಗೆ ಹೋಯಿತು. ಈ ಹುಡುಗಿಗೆ ಸುಮ್ಮನೆ ‘ತಪ್ಪು’ ಎಂದು ಕೆಂಪು ಗೆರೆ ತೋರಿಸಿದರೆ ಅವಳಿಗೆ ಸಿಗುವ ಪಾಠ ‘ನನ್ನ ಕಣ್ಣನ್ನು ನಂಬಬಾರದು’ ಎನ್ನುವುದೊಂದೇ.

ಈ ಹಂತದಲ್ಲಿ ಯಂತ್ರಕ್ಕೆ ಇರುವುದು ಮೂರು ದಾರಿ. ಸುಮ್ಮನಿದ್ದು ‘ಭೇಷ್, ಪ್ರಯೋಗ ಮುಗಿಯಿತು’ ಎನ್ನಬಹುದು. ನಿಮ್ಮ ಮೊದಲ ತಂತ್ರಾಂಶ ಮಾಡಿದ್ದು ಇದೇ. ‘ತಪ್ಪು, ಅವಧಿ ದಾರದ ಉದ್ದವನ್ನು ಅವಲಂಬಿಸಿದೆ’ ಎಂದು ತಿದ್ದಬಹುದು. ಎರಡನೆಯದರ ಜಾಯಮಾನ ಅದು. ಅಥವಾ, ‘ಎರಡನೇ ಸಲ ನೀನು ಏನೇನು ಬದಲಾಯಿಸಿದೆ? ವ್ಯತ್ಯಾಸ ಯಾವುದರಿಂದ ಬಂತೆಂದು ಹೇಗೆ ಗೊತ್ತಾಯಿತು?’ ಎಂದು ಕೇಳಬಹುದು. ಹೀಗೆ ಕೇಳಬೇಕಾದರೆ ಅದು ಮಗುವಿನ ಒಂದೊಂದು ಪ್ರಯತ್ನವನ್ನೂ ದಾಖಲಿಸಿಟ್ಟುಕೊಂಡಿರಬೇಕು, ಹಿಂದಿನದರ ಜೊತೆ ಹೋಲಿಸಿ ನೋಡಿರಬೇಕು. ಇಂಟೆಲಿಜೆಂಟ್ ಟ್ಯೂಟರ್ ಎನ್ನುವ ದೊಡ್ಡ ಹೆಸರಿಗೆ ಅರ್ಹವಾದದ್ದು ಈ ಮೂರನೆಯದು. ಪಾಠದ ವಿಷಯ ಗೊತ್ತಿರುವುದು, ಮಗುವಿಗೆ ಎಷ್ಟು ಗೊತ್ತಾಗಿದೆ ಎಂಬ ಅಂದಾಜು ಇಟ್ಟುಕೊಂಡಿರುವುದು, ಆ ಅಂದಾಜಿನ ಮೇಲೆ ಯಾವಾಗ ಏನು ಹೇಳಬೇಕೆಂದು ತೀರ್ಮಾನಿಸುವುದು, ಇವು ಮೂರೂ ಇಲ್ಲದ್ದನ್ನು ಟ್ಯೂಟರ್ ಎಂದು ಮಾರುವವರು ಈಗ ಬೇಕಾದಷ್ಟು ಜನ ಇದ್ದಾರೆ.

ಮಕ್ಕಳೇ ಕಂಡುಕೊಳ್ಳಲಿ ಎನ್ನುವ ವಾದ ಹಳೆಯದು. ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1961ರಲ್ಲಿ ಅದಕ್ಕೆ ಗಟ್ಟಿ ದನಿ ಕೊಟ್ಟರು. 1967ರಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಜೊತೆಗಾರರು ಮಕ್ಕಳಿಗಾಗಿ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾಡಿದ ಮೇಲೆ ಕಂಪ್ಯೂಟರಿಗೂ ಆ ಉತ್ಸಾಹ ಹಬ್ಬಿತು. ಆಮೇಲೆ ತಣ್ಣೀರು ಎರಚಿದವರೂ ಬಂದರು. ಡೇವಿಡ್ ಕ್ಲಾರ್ ಮತ್ತು ಮಿಲೆನಾ ನಿಗಮ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮ ಹುಡುಗಿಯ ಪಟ್ಟಿಗೆ ನೇರ ಸಂಬಂಧಪಟ್ಟದ್ದು. ಮೂರು, ನಾಲ್ಕನೇ ತರಗತಿಯ ಮಕ್ಕಳಿಗೆ ಇಳಿಜಾರು ಹಲಗೆ, ಚೆಂಡು ಕೊಟ್ಟರು. ಒಂದು ಗುಂಪಿಗೆ ‘ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಉಳಿದದ್ದನ್ನು ಹಾಗೇ ಬಿಡಿ’ ಎಂದು ಉದಾಹರಣೆ ಸಮೇತ ವಿವರಿಸಿದರು. ಇನ್ನೊಂದು ಗುಂಪನ್ನು ಸಾಮಾನು ಕೊಟ್ಟು ಅದರ ಪಾಡಿಗೆ ಬಿಟ್ಟರು. ಹೇಳಿಸಿಕೊಂಡವರಲ್ಲಿ 77 ಶೇಕಡ ಮಕ್ಕಳಿಗೆ ಆ ವಿದ್ಯೆ ಕೈಗೆ ಹತ್ತಿತು, ತಮ್ಮಷ್ಟಕ್ಕೆ ಬಿಟ್ಟವರಲ್ಲಿ 23 ಶೇಕಡಕ್ಕೆ. ಗಮನಿಸಿ, ಅಲ್ಲಿ ಹೇಳಿಕೊಟ್ಟದ್ದು ಚೆಂಡು ಎಷ್ಟು ದೂರ ಉರುಳುತ್ತದೆ ಎಂಬ ಉತ್ತರವನ್ನಲ್ಲ, ಕಂಡುಕೊಳ್ಳುವ ವಿಧಾನವನ್ನು.

ಇದನ್ನು ಓದಿ ‘ಹಾಗಾದರೆ ಎಲ್ಲವನ್ನೂ ನಾವೇ ಹೇಳಿಬಿಡೋಣ’ ಎಂದು ಹೊರಟವರೂ ಇದ್ದಾರೆ. ಅದೂ ದುಡುಕು. ಲೂಯಿಸ್ ಆಲ್ಫಿಯೇರಿ ಮತ್ತು ಸಂಗಡಿಗರು 2011ರಲ್ಲಿ 164 ಅಧ್ಯಯನಗಳನ್ನು ಒಟ್ಟಿಗೆ ಜಾಲಾಡಿದರು. ಸಹಾಯವೇ ಇಲ್ಲದ ಅನ್ವೇಷಣೆಗಿಂತ ನೇರ ಬೋಧನೆ ಮೇಲು ಎಂದು ಬಂತು, ನಿಜ. ಆದರೆ ಸುಳಿವು, ಮರುಪ್ರಶ್ನೆ, ‘ನೀನೇ ವಿವರಿಸು’ ಎಂಬ ಒತ್ತಾಯ ಇವೆಲ್ಲ ಸೇರಿದ ಅನ್ವೇಷಣೆ ಬೇರೆ ಬೋಧನಾ ಕ್ರಮಗಳಿಗಿಂತ ಮೇಲು ಎಂದೂ ಬಂತು. ಅಂದರೆ ಜಗಳ ಇದ್ದದ್ದು ಅನ್ವೇಷಣೆಯ ಬಗ್ಗೆ ಅಲ್ಲವೇ ಅಲ್ಲ, ಒಬ್ಬಂಟಿ ಅನ್ವೇಷಣೆಯ ಬಗ್ಗೆ.

ಸಹಾಯ ಕೊಡುವುದಾದರೆ ಯಾವಾಗ, ಎಷ್ಟು? ಕಷ್ಟವಿರುವುದು ಇಲ್ಲೇ. ಬೀಜಗಣಿತದ ಲೆಕ್ಕದಲ್ಲಿ ಸರಿಯಾದ ಹೆಜ್ಜೆಗಳು ಇಷ್ಟೇ ಎಂದು ಪಟ್ಟಿ ಮಾಡಬಹುದು, ಹಾಗಾಗಿ ಯಂತ್ರಕ್ಕೆ ಕಾವಲು ಕಾಯುವುದು ಸುಲಭ. ಪ್ರಯೋಗದಲ್ಲಿ ಹಾಗಲ್ಲ. ಮಗು ಮೊದಲು ಕೋನ ಬದಲಾಯಿಸಿ ನೋಡಬಹುದು, ಒಂದನ್ನೇ ಎರಡು ಸಲ ಮಾಡಬಹುದು, ಸುಮ್ಮನೆ ಗುಂಡನ್ನು ಜೋರಾಗಿ ಎಳೆದು ಬಿಟ್ಟು ನಗಬಹುದು. ಇವುಗಳಲ್ಲಿ ಯಾವುದು ತಪ್ಪು?

ಇದಕ್ಕೆ ನಾನು ಕಂಡ ಅತ್ಯಂತ ಜಾಣ ಉತ್ತರ 1970ರ ದಶಕದ್ದು. ರಿಚರ್ಡ್ ಬರ್ಟನ್ ಮತ್ತು ಜಾನ್ ಸೀಲಿ ಬ್ರೌನ್ ‘ವೆಸ್ಟ್’ ಎಂಬ ತಂತ್ರಾಂಶ ಮಾಡಿದ್ದರು. ಅದು ಹಾವು ಏಣಿಯಂಥ ಆಟ. ಚಕ್ರ ತಿರುಗಿಸಿದರೆ ಮೂರು ಸಂಖ್ಯೆ ಬರುತ್ತವೆ, ಅವನ್ನು ಕೂಡಿಸಿ ಕಳೆದು ಗುಣಿಸಿ ಭಾಗಿಸಿ ಒಂದು ಮೊತ್ತ ಮಾಡಿ ಅಷ್ಟು ಮನೆ ಮುಂದೆ ಹೋಗಬೇಕು. ಊರು ಸಿಕ್ಕರೆ ಇನ್ನೊಂದು ಊರಿಗೆ ಜಿಗಿಯಬಹುದು, ಅಡ್ಡದಾರಿ ಸಿಕ್ಕರೆ ಹಿಡಿಯಬಹುದು, ಎದುರಾಳಿಯ ಮನೆಗೇ ಹೋಗಿ ನಿಂತರೆ ಅವನನ್ನು ಹಿಂದಕ್ಕೆ ತಳ್ಳಬಹುದು. ಮಕ್ಕಳು ಏನು ಮಾಡುತ್ತಿದ್ದರೆಂದರೆ, ದೊಡ್ಡ ಮೊತ್ತ ಬರುವ ಒಂದು ವಿಧಾನ ಹಿಡಿದುಕೊಂಡು ಕೊನೆತನಕ ಅದನ್ನೇ ಮಾಡುತ್ತಿದ್ದರು. ಆಟದೊಳಗೆ ಕೂತ ತರಬೇತುದಾರ ಪ್ರತಿ ಸಲವೂ ಜಾಣ ಆಟಗಾರನ ನಡೆಯನ್ನು ಮಗುವಿನ ನಡೆಯ ಪಕ್ಕದಲ್ಲಿಟ್ಟು ಹೋಲಿಸುತ್ತಿತ್ತು. ಆದರೆ ವ್ಯತ್ಯಾಸ ಕಂಡ ತಕ್ಷಣ ಬಾಯಿ ಹಾಕುತ್ತಿರಲಿಲ್ಲ. ಆ ವಿಷಯದಲ್ಲಿ ಮಗು ನಿಜಕ್ಕೂ ಹಿಂದಿದೆ ಎಂದು ಖಾತ್ರಿಯಾಗಬೇಕು. ತಾನು ತೋರಿಸುವ ನಡೆ ಎದ್ದು ಕಾಣುವಷ್ಟು ಉತ್ತಮವಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಏನೇ ಆಗಲಿ, ಬೆನ್ನುಬೆನ್ನಿಗೆ ಎರಡು ನಡೆಗಳ ಮೇಲೆ ಬುದ್ಧಿ ಹೇಳಬಾರದು. ಈ ಕೊನೆಯ ಕಟ್ಟಳೆಯನ್ನು ತಂತ್ರಾಂಶಕ್ಕಷ್ಟೇ ಅಲ್ಲ, ನಮ್ಮ ಬಿಎಡ್ ಕಾಲೇಜುಗಳ ಗೋಡೆಯ ಮೇಲೂ ಬರೆಸಬೇಕು.

ಇನ್ನೊಂದು ‘ಸ್ಮಿತ್‌ಟೌನ್’. ಪಿಟ್ಸ್‌ಬರ್ಗಿನಲ್ಲಿ ವ್ಯಾಲರಿ ಶೂಟ್ ಮತ್ತು ರಾಬರ್ಟ್ ಗ್ಲೇಸರ್ ಕಟ್ಟಿದ್ದು, 1990ರಲ್ಲಿ ವಿವರವಾಗಿ ಪ್ರಕಟವಾಯಿತು. ಕಾಲ್ಪನಿಕ ಊರೊಂದರ ಮಾರುಕಟ್ಟೆ. ವಿದ್ಯಾರ್ಥಿ ಊರಿನ ಜನಸಂಖ್ಯೆ, ಜನರ ಆದಾಯ, ಸರಕಿನ ಬೆಲೆ ಹೆಚ್ಚು ಕಡಿಮೆ ಮಾಡುತ್ತಾ ಬೇಡಿಕೆ ಪೂರೈಕೆಯ ನಿಯಮಗಳನ್ನು ತಾನೇ ಕಂಡುಕೊಳ್ಳಬೇಕು. ವಿಶೇಷವೇನೆಂದರೆ, ಅದರೊಳಗಿನ ಬೋಧಕ ಅರ್ಥಶಾಸ್ತ್ರವನ್ನು ಕಲಿಸುತ್ತಿರಲಿಲ್ಲ. ಹುಡುಕುವ ರೀತಿಯನ್ನು ಮಾತ್ರ ಗಮನಿಸುತ್ತಿತ್ತು: ಒಟ್ಟಿಗೆ ಬಹಳಷ್ಟನ್ನು ಬದಲಾಯಿಸಿದೆ, ಬರೆದುಕೊಳ್ಳದೆ ಮುಂದೆ ಹೋದೆ, ಒಂದೇ ಸರಕಿನಲ್ಲಿ ನೋಡಿ ಎಲ್ಲದಕ್ಕೂ ಅನ್ವಯಿಸಿದೆ, ಹೀಗೆ. ಆದರೂ ಅದರಲ್ಲಿ ಕಲಿತ ವಿದ್ಯಾರ್ಥಿಗಳು ಅರ್ಥಶಾಸ್ತ್ರದಲ್ಲಿ ತರಗತಿಯಲ್ಲಿ ಕಲಿತವರಷ್ಟೇ ಕಲಿತರು, ಅದೂ ಸುಮಾರು ಅರ್ಧ ಸಮಯದಲ್ಲಿ. ನಮ್ಮಲ್ಲಿ ಯಾರಾದರೂ ಶಿವಮೊಗ್ಗದ ಅಡಿಕೆ ಮಂಡಿಯನ್ನೇ ಹೀಗೆ ಕಟ್ಟಿದರೆ ಎಷ್ಟು ಸೊಗಸು ಎಂದು ಆಗಾಗ ಅನ್ನಿಸುತ್ತದೆ. ರಾಶಿ ಇಡಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯಲ್ಲೇ ಹಲವು ಬಗೆ, ಒಂದೊಂದರ ಧಾರಣೆ ಒಂದೊಂದು ಥರ. ಮನೆಯಲ್ಲಿ ದಿನಾ ಕಿವಿಗೆ ಬೀಳುವ ಮಾತಾದ್ದರಿಂದ ನಮ್ಮ ಮಕ್ಕಳು ಅದನ್ನು ಬಿಟ್ಟು ಏಳಲಾರರು.

ನಿಮ್ಮ ವಿಷಯಕ್ಕೆ ಹತ್ತಿರವಾದದ್ದು ಜ್ಯಾನಿಸ್ ಗೋಬರ್ಟ್ ಮತ್ತು ಸಂಗಡಿಗರು ಕಟ್ಟಿದ ‘ಇಂಕ್-ಐಟಿಎಸ್’. ಮಾಧ್ಯಮಿಕ ಶಾಲೆಯ ವಿಜ್ಞಾನಕ್ಕೆಂದೇ ಮಾಡಿದ್ದು. ಮಗು ಊಹೆ ಬರೆಯುತ್ತದೆ, ಪ್ರಯೋಗ ಮಾಡುತ್ತದೆ, ಅಂಕಿಯಿಂದ ತೀರ್ಮಾನಕ್ಕೆ ಬರುತ್ತದೆ. ಹಿನ್ನೆಲೆಯಲ್ಲಿ ಯಂತ್ರ ದಾಖಲೆ ನೋಡುತ್ತಾ, ಇದು ಒಂದನ್ನೇ ಬದಲಾಯಿಸಿ ನೋಡುವ ಮಗುವೋ, ಗುಂಡಿ ಒತ್ತಿ ಕಾಲ ಕಳೆಯುವ ಮಗುವೋ ಎಂದು ಅಂದಾಜಿಸಿ, ಬೇಕಾದಾಗ ಪರದೆಯ ಮೇಲೆ ರೆಕ್ಸ್ ಎಂಬ ಡೈನೊಸಾರನ್ನು ಸುಳಿವು ಹೇಳಲು ಕಳಿಸುತ್ತದೆ.

ಹೆಜ್ಜೆ ಹೆಜ್ಜೆಯ ತಂತ್ರಾಂಶದ ಬಗ್ಗೆ ಅನ್ಯಾಯ ಮಾಡುವುದು ಬೇಡ. ಕರ್ಟ್ ವ್ಯಾನ್‌ಲೆನ್ 2011ರಲ್ಲಿ ಹಲವು ಅಧ್ಯಯನಗಳನ್ನು ಹೋಲಿಸಿದಾಗ, ಪ್ರತಿ ಹೆಜ್ಜೆಯನ್ನೂ ಗಮನಿಸುವ ಟ್ಯೂಟರ್‌ಗಳ ಪರಿಣಾಮ ಮನುಷ್ಯರು ಎದುರು ಕೂತು ಹೇಳಿಕೊಡುವುದಕ್ಕೆ ಬಹುತೇಕ ಸಮನಾಗಿತ್ತು; ಕೊನೆಯ ಉತ್ತರವನ್ನಷ್ಟೇ ನೋಡುವ ತಂತ್ರಾಂಶಗಳದ್ದು ಅದರ ಅರ್ಧವೂ ಇರಲಿಲ್ಲ. ಸೂತ್ರ ಹಾಕಿ ಬಿಡಿಸುವ ಲೆಕ್ಕಗಳಿಗೆ ಅವು ಒಳ್ಳೆಯವೇ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಾಗ ನಾನಾದರೂ ಅದನ್ನೇ ಹಾಕಿ ಕೂರಿಸುತ್ತೇನೆ. ಒಂದು ಕಣ್ಣಿಟ್ಟಿರಿ ಅಷ್ಟೇ: ಸುಳಿವಿನ ಗುಂಡಿಯನ್ನು ಟಕಟಕನೆ ಒತ್ತಿ, ಕೊನೆಯ ಸುಳಿವಿನಲ್ಲಿ ಉತ್ತರವೇ ಬರುವುದನ್ನು ಕಾದು, ಅದನ್ನು ಹಾಗೇ ತುಂಬಿಸುವ ಮಕ್ಕಳಿರುತ್ತಾರೆ. ರಯಾನ್ ಬೇಕರ್ 2004ರ ಸುಮಾರಿಗೆ ಇದನ್ನು ಅಧ್ಯಯನ ಮಾಡಿ, ಹೀಗೆ ಮಾಡುವವರು ಕಲಿಯುವುದು ಕಡಿಮೆ ಎಂದು ತೋರಿಸಿದರು. ನಿಮ್ಮ ಮಕ್ಕಳಿಗೆ ಅಂಕ ಬಂದು ಕಾರಣ ಬಾರದಿದ್ದುದಕ್ಕೆ ಅರ್ಧ ವಿವರಣೆ ಇಲ್ಲೇ ಇರಬಹುದು.

ಎಐ ಚಾಟ್ ಬಗ್ಗೆ ಕೇಳಿದ್ದೀರಿ. ಟರ್ಕಿಯ ಒಂದು ಪ್ರೌಢಶಾಲೆಯ ಸುಮಾರು ಸಾವಿರ ಮಕ್ಕಳ ಮೇಲೆ ನಡೆದ, 2025ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಗಣಿತದ ಅಭ್ಯಾಸಕ್ಕೆ ಚಾಟನ್ನು ಹಾಗೇ ಬಿಟ್ಟುಕೊಟ್ಟಾಗ ಅಭ್ಯಾಸದಲ್ಲಿ ಅಂಕ ಜಿಗಿಯಿತು; ಚಾಟ್ ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಅದನ್ನು ಮುಟ್ಟದವರಿಗಿಂತ 17 ಶೇಕಡ ಹಿಂದೆ ಬಿದ್ದರು. ಉತ್ತರ ಹೇಳದೆ ಸುಳಿವಷ್ಟೇ ಕೊಡುವಂತೆ ಶಿಕ್ಷಕರು ಕಟ್ಟುಪಾಡು ಹಾಕಿದ ಚಾಟ್ ಬಳಸಿದವರಿಗೆ ಆ ನಷ್ಟ ಬಹುಮಟ್ಟಿಗೆ ಆಗಲಿಲ್ಲ. ಕೇಳಿದ ತಕ್ಷಣ ಉತ್ತರ ಕೊಡುವುದು ಅದರ ಹುಟ್ಟುಗುಣ. ಮಗುವಿನ ಪಟ್ಟಿಯನ್ನು ಅದು ನೋಡಿಯೇ ಇರುವುದಿಲ್ಲವಲ್ಲ! ಪಾಠ ತಯಾರಿಗೆ ನೀವು ಬಳಸಿಕೊಳ್ಳಿ, ಮಕ್ಕಳ ಕೈಗೆ ಈ ವರ್ಷ ಬೇಡ.

ಇನ್ನು ನೀವು ಮಾಡಬಹುದಾದದ್ದು. ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಪಿರಿಯಡ್ ಬರೀ ಮಾತಾಡಿ. ವಿಷಯ ಅಡಿಕೆಯ ಕೊಳೆರೋಗ. ತರಗತಿಯಲ್ಲಿ ತೋಟವಿರುವ ಮನೆಯ ಮಕ್ಕಳು ಇದ್ದೇ ಇರುತ್ತಾರೆ. ಒಬ್ಬ ಬೆಳೆಗಾರ ಹೋದ ವರ್ಷ ಕೊಳೆ ಬಂದು ಕಂಗಾಲಾದ ಎನ್ನಿ. ಈ ವರ್ಷ ಮೈಲುತುತ್ತದ (ತಾಮ್ರದ ಸಲ್ಫೇಟ್) ಕಂಪನಿ ಬದಲಾಯಿಸಿದ, ಮಳೆ ಹಿಡಿಯುವ ಮುಂಚೆ ಒಂದು ವಾರ ಬೇಗ ಔಷಧಿ ಹೊಡೆಸಿದ, ಮರ ಹತ್ತಿಸುವ ಬದಲು ನೆಲದಿಂದಲೇ ಕಾರ್ಬನ್ ದೋಟಿಯಲ್ಲಿ, ಅಂದರೆ ಉದ್ದನೆಯ ಹಗುರ ಕೋಲಿನಲ್ಲಿ ಹೊಡೆಸಿದ, ಅಂಟಿಗೆ ರಾಳವನ್ನೂ ಸೇರಿಸಿದ. ಕೊಳೆ ಬರಲಿಲ್ಲ. ಯಾವುದರಿಂದ? ಮಕ್ಕಳು ಕಿತ್ತಾಡಲಿ. ‘ಮಳೆಯೇ ಕಡಿಮೆ ಇತ್ತೇನೋ ಸಾರ್’ ಎನ್ನುವ ಒಬ್ಬ ಹುಡುಗ ಸಿಕ್ಕೇ ಸಿಗುತ್ತಾನೆ, ಅವನಿಗೆ ಶಹಬ್ಬಾಸ್ ಹೇಳಿ. ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಎಂಬ, ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣದ ಅಳತೆ ಅವರಿಗೆ ಬಾಯಿಪಾಠ. ಹಾಗಾದರೆ ರಾಳದಿಂದ ಉಪಯೋಗ ಇದೆಯೋ ಇಲ್ಲವೋ ತಿಳಿಯಲು ತೋಟವನ್ನು ಹೇಗೆ ಎರಡು ಭಾಗ ಮಾಡುತ್ತೀರಿ, ಎರಡರಲ್ಲೂ ಯಾವುದನ್ನು ಒಂದೇ ಥರ ಇಡುತ್ತೀರಿ ಎಂದು ಬರೆಸಿ. ಇಲ್ಲಿ ಸಂಕೋಚ ಬೇಡ, ‘ಒಂದು ಸಲಕ್ಕೆ ಒಂದೇ ಬದಲಾವಣೆ’ ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಹೇಳಿಕೊಡಿ. ಇದನ್ನು ಮಕ್ಕಳೇ ಕಂಡುಕೊಳ್ಳಲಿ ಎಂದು ಕಾಯುವುದು ವ್ಯರ್ಥ.

ಮುಂದಿನ ಪಿರಿಯಡ್ ಲೋಲಕ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳು ಪುಕ್ಕಟೆ, ಕನ್ನಡಕ್ಕೆ ಬಂದಿರುವವೂ ಇವೆ, ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದೆಯೂ ಓಡುತ್ತವೆ. ಅವು ಟ್ಯೂಟರ್ ಅಲ್ಲ, ಮಗುವನ್ನು ಗಮನಿಸುವುದಿಲ್ಲ. ಆ ಕೆಲಸ ನಿಮ್ಮದು. ಒಂದು ಯಂತ್ರಕ್ಕೆ ಮೂವರನ್ನು ಕೂರಿಸಿ. ಒಬ್ಬರು ಏನಾಗುತ್ತದೆಂದು ಮೊದಲೇ ಬರೆಯಬೇಕು, ಒಬ್ಬರು ಆಡಿಸಬೇಕು, ಒಬ್ಬರು ಅಂಕಿ ಗುರುತು ಹಾಕಬೇಕು, ಪಾತ್ರ ಅದಲು ಬದಲಾಗುತ್ತಿರಲಿ. ಊಹೆ ಬರೆಯದೆ ಮೌಸ್ ಮುಟ್ಟುವಂತಿಲ್ಲ. ನೀವು ಓಡಾಡುತ್ತಾ ಪಟ್ಟಿ ಮಾತ್ರ ನೋಡಿ, ಒಂದು ಗುಂಪಿಗೆ ಬೆನ್ನುಬೆನ್ನಿಗೆ ಎರಡು ಸಲ ಮಾತಾಡಬೇಡಿ.

ಎರಡು ಕಡೆ ಮಕ್ಕಳು ತಬ್ಬಿಬ್ಬಾಗುತ್ತಾರೆ, ಆಗಲಿ. ಒಂದು ಮೀಟರ್ ದಾರಕ್ಕೆ ಅವಧಿ ಸುಮಾರು 2 ಸೆಕೆಂಡು. ಕಾಲು ಮೀಟರ್ ಮಾಡಿದರೆ ಎಷ್ಟು ಎಂದರೆ ಬಹುಪಾಲು ಅರ್ಧ ಸೆಕೆಂಡು ಎನ್ನುತ್ತಾರೆ, ಬರುವುದು ಒಂದು. ಇನ್ನೊಂದು ಕೋನದ್ದು. ಅವಧಿಗೂ ಕೋನಕ್ಕೂ ಸಂಬಂಧವಿಲ್ಲ ಎಂದು ಹೇಳಿಕೊಡುತ್ತಾ ಬಂದಿದ್ದೇವೆ. ಅದೇ ಒಂದು ಮೀಟರ್ ದಾರವನ್ನು 10 ಡಿಗ್ರಿಗೆ ಎಳೆದು ಬಿಟ್ಟರೆ 2.01 ಸೆಕೆಂಡು, 60 ಡಿಗ್ರಿಗೆ ಎಳೆದರೆ 2.15. ಯಾವುದಾದರೂ ಗುಂಪು ಇದನ್ನು ಹಿಡಿದುಕೊಂಡು ‘ಪುಸ್ತಕ ಸುಳ್ಳು ಸಾರ್’ ಎಂದು ಬಂದರೆ ಬಾಯಿ ಮುಚ್ಚಿಸಬೇಡಿ. ಎಷ್ಟು ಡಿಗ್ರಿವರೆಗೆ ಪುಸ್ತಕದ ಮಾತು ನಡೆಯುತ್ತದೆ ಎಂದು ಅವರೇ ಪತ್ತೆ ಹಚ್ಚಲಿ. ಹೇಳಿಕೊಡದೆ ಬಿಡಬೇಕಾದದ್ದು ಇಂಥದ್ದನ್ನು.

ಹಿಂದುಳಿದ ಗುಂಪಿಗೆ ಎಷ್ಟು ಸಹಾಯ, ಮುಂದಿರುವವರಿಗೆ ಎಷ್ಟು ಎಂದು ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಿಮ್ಮ ಪಕ್ಕದ ಪ್ರಾಥಮಿಕ ಶಾಲೆಯ ನಲಿ-ಕಲಿ ಮೇಡಂ ಅವರನ್ನು ಕೇಳಿ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ಆ ಕ್ರಮದಲ್ಲಿ ಮಗು ಏಣಿ ಹತ್ತುತ್ತಾ ಹೋದ ಹಾಗೆ ಪೂರ್ಣ ಶಿಕ್ಷಕರ ಸಹಾಯದ ತಟ್ಟೆಯಿಂದ (ತಟ್ಟೆ ಎಂದರೆ ಅಲ್ಲಿ ಮಕ್ಕಳ ಗುಂಪು) ಭಾಗಶಃ ಶಿಕ್ಷಕರ ಸಹಾಯಕ್ಕೆ, ಅಲ್ಲಿಂದ ಗೆಳೆಯರ ಸಹಾಯಕ್ಕೆ, ಕೊನೆಗೆ ಸ್ವಂತ ಕಲಿಕೆಯ ತಟ್ಟೆಗೆ ಬರುತ್ತದೆ. ಟ್ಯೂಟರ್ ತಂತ್ರಾಂಶಗಳು ಅಂಕಿಸಂಖ್ಯೆ ಹಾಕಿ ಮಾಡಹೊರಟಿರುವುದು ಹೆಚ್ಚುಕಮ್ಮಿ ಇದನ್ನೇ. ನಿಮ್ಮ ಎಂಟನೇ ಕ್ಲಾಸಿನವರು ಆ ತಟ್ಟೆಗಳಲ್ಲಿ ಕೂತು ಬಂದವರೇ ತಾನೇ?

ತಂತ್ರಾಂಶ ತಗೊಳ್ಳಲೇಬೇಕು ಎಂದಾದರೆ, ಕಂಪನಿಯವರು ಡೆಮೊ ಕೊಡಲು ಬಂದಾಗ ಮೌಸನ್ನು ನೀವೇ ಹಿಡಿದು ಆ ಹುಡುಗಿಯ ಮೂರು ಪ್ರಯೋಗಗಳನ್ನು ಹಾಗೇ ಮಾಡಿ. 70 ಸೆಂ.ಮೀ. ಒಂದು ಕೆ.ಜಿ., 50 ಸೆಂ.ಮೀ. ಅರ್ಧ ಕೆ.ಜಿ., 30 ಸೆಂ.ಮೀ. 200 ಗ್ರಾಂ. ತೀರ್ಮಾನದಲ್ಲಿ ‘ಗುಂಡು ಹಗುರಾದರೆ ವೇಗ ಜಾಸ್ತಿ’ ಎಂದು ಹಾಕಿ. ಪರದೆಯ ಮೇಲೆ ಹಸಿರು ಟಿಕ್ ಬಂದರೂ, ‘ತಪ್ಪು, ಸರಿಯುತ್ತರ ಇದು’ ಎಂದು ಬಂದರೂ ಕಾಫಿ ಕೊಟ್ಟು ಕಳಿಸಿಬಿಡಿ. ಎರಡನ್ನೂ ಒಟ್ಟಿಗೆ ಬದಲಾಯಿಸಿದ್ದನ್ನು ಅದು ಎತ್ತಿ ತೋರಿಸಿದರೆ ಮಾತು ಮುಂದುವರಿಸಿ. ಶಿಕ್ಷಕರಿಗೆ ಬರುವ ವರದಿಯಲ್ಲಿ ಅಂಕ ಮಾತ್ರ ಇದೆಯೋ, ಮಗು ಮಾಡಿದ ಪ್ರಯತ್ನಗಳ ಪಟ್ಟಿಯೂ ಸಿಗುತ್ತದೋ ಕೇಳಿ. ಸುಳಿವುಗಳ ಕನ್ನಡವನ್ನು ಒಬ್ಬ ವಿದ್ಯಾರ್ಥಿಯಿಂದ ಗಟ್ಟಿಯಾಗಿ ಓದಿಸಿ. ಅವನಿಗೆ ಅರ್ಥವಾಗದ ಸುಳಿವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನೆಟ್ ಇಲ್ಲದ ದಿನ ಅದು ತೆರೆದುಕೊಳ್ಳುತ್ತದೆಯೇ, ಮಧ್ಯೆ ಕರೆಂಟ್ ಹೋದರೆ ಮಗು ಅದುವರೆಗೆ ಮಾಡಿದ್ದು ಉಳಿಯುತ್ತದೆಯೇ ಎಂಬುದನ್ನು ಪ್ಲಗ್ ಕಿತ್ತೇ ನೋಡಿ, ಅವರ ಮಾತಿನ ಮೇಲೆ ಬಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ಕರೆಂಟಿನ ಕಥೆ ನಾನು ಹೇಳಬೇಕಿಲ್ಲ. ಇದರಲ್ಲಿ ಯಾವುದೂ ಪಾಸಾಗದಿದ್ದರೆ ಹಳೆ ವಿದ್ಯಾರ್ಥಿಗಳ ದುಡ್ಡನ್ನು ಯುಪಿಎಸ್ ಬ್ಯಾಟರಿಗೆ ಹಾಕಿಸಿ, ಫೆಟ್‌ನಲ್ಲೇ ಈ ವರ್ಷ ಕಳೆಯಿರಿ.